ನಿರಾಶ್ರಿತ: ಒಂದು ಪದ, ಎರಡು ದಡ

ಕಾರವಾರ, ಅಂಕೋಲಾ ಕಡೆ ಯಾರಾದರೂ ‘ನಿರಾಶ್ರಿತರು’ ಎಂದರೆ ‘ಯಾವ ನಿರಾಶ್ರಿತರು?’ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಇಲ್ಲಿ ಅವರಲ್ಲಿ ಹಲವು ಬಗೆ. ಸೀಬರ್ಡ್ ನಿರಾಶ್ರಿತರು, ಕೈಗಾ ನಿರಾಶ್ರಿತರು, ಕದ್ರಾ ಅಣೆಕಟ್ಟಿನ ನಿರಾಶ್ರಿತರು, ಸೂಪಾ ನಿರಾಶ್ರಿತರು. ಇದೇ ಜಿಲ್ಲೆಯ ಮುಂಡಗೋಡಕ್ಕೆ ಹೋದರೆ ಟಿಬೆಟಿಯನ್ ನಿರಾಶ್ರಿತರು. ಸಂಜೆಯ ವಾರ್ತೆ ಕೇಳಿದರೆ ಉಕ್ರೇನಿನ, ಗಾಜಾದ, ಸುಡಾನಿನ ನಿರಾಶ್ರಿತರು. ಬಾಂಬಿಗೆ ಹೆದರಿ ಗಡಿ ದಾಟಿದವರಿಗೂ ಭೂಸ್ವಾಧೀನದ ನೋಟಿಸು ಬಂದು ಮನೆ ಬಿಟ್ಟವರಿಗೂ ನಮ್ಮ ಭಾಷೆ ಒಂದೇ ಹೆಸರನ್ನು ಕೊಟ್ಟಿದೆ. ಇದು ಪದದ ಬಡತನವಿರಬಹುದು ಎಂದು ಮೊದಲಿಗೆ ಅನಿಸುತ್ತದೆ. ಅದರ ಹಿಂದಿನ ದಾರಿಯನ್ನು ನೋಡುತ್ತ ಹೋದರೆ, ಈ ಕರಾವಳಿ ತನಗೆ ಗೊತ್ತಿಲ್ಲದೆಯೇ ಒಂದು ನಿಜವನ್ನು ಆ ಪದದಲ್ಲಿ ಕಾಪಾಡಿಕೊಂಡಿದೆ ಎಂದು ತಿಳಿಯುತ್ತದೆ.

ಪದದ ಬೇರು ಸಂಸ್ಕೃತದ ‘ಶ್ರಿ’ ಧಾತು. ಒರಗು, ಆತುಕೊಳ್ಳು, ಬಳಿಸಾರು ಎಂಬುದು ಅದರ ಅರ್ಥ. ಅದಕ್ಕೆ ‘ಆ’ ಸೇರಿ ಆಶ್ರಯ, ಆಶ್ರಿತ. (ಆಶ್ರಮದ ಬೇರು ಬೇರೆ, ಅದು ಶ್ರಮಕ್ಕೆ ಸಂಬಂಧಿಸಿದ್ದು.) ಅರಮನೆಯ ಕಾಲದಲ್ಲಿ ಕವಿ ಆಶ್ರಿತ, ದೊರೆ ಆಶ್ರಯದಾತ. ಈಗಲೂ ಕೃಷಿ ಇಲಾಖೆಯ ಕಾಗದಗಳಲ್ಲಿ ‘ಮಳೆಯಾಶ್ರಿತ ಬೇಸಾಯ’ ಎಂದಿರುತ್ತದೆ; ಆಕಾಶವನ್ನೇ ನೆಚ್ಚಿಕೊಂಡ ಹೊಲ ಎಂದರ್ಥ. 1990ರ ದಶಕದಿಂದ ಸರ್ಕಾರದ ವಸತಿ ಯೋಜನೆಯ ಮೂಲಕ ‘ಆಶ್ರಯ ಮನೆ’, ‘ಆಶ್ರಯ ಕಾಲೊನಿ’ ಎಂಬ ಮಾತುಗಳು ಹಳ್ಳಿಹಳ್ಳಿಗೂ ಬಂದವು. ಹೀಗೆ ಆಶ್ರಯವೆಂಬುದು ಕನ್ನಡಿಗನಿಗೆ ದೊಡ್ಡ ಪದವಾಗಿ ಉಳಿದಿಲ್ಲ. ಅದು ಗೋಡೆ, ಮಾಡು, ಪಂಚಾಯಿತಿಯ ಪಟ್ಟಿಯಲ್ಲಿ ಹೆಸರು.

‘ನಿರ್’ ಎಂಬ ಉಪಸರ್ಗ ಹತ್ತಿದಾಗ ಪದದ ದಿಕ್ಕೇ ಬದಲಾಗುತ್ತದೆ. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ 20ನೆಯ ಶ್ಲೋಕದಲ್ಲಿ ‘ನಿರಾಶ್ರಯ’ ಎಂಬ ಪದವಿದೆ, ಮತ್ತು ಅಲ್ಲಿ ಅದು ಹೊಗಳಿಕೆ. ಯಾವುದನ್ನೂ ನೆಚ್ಚಿಕೊಳ್ಳದೆ, ಫಲದ ಆಸೆ ಬಿಟ್ಟು, ತೃಪ್ತನಾಗಿ ಕೆಲಸ ಮಾಡುವವನು ನಿರಾಶ್ರಯ. ನಿರಾಲಂಬ ಎಂಬ ಪದಕ್ಕೂ ನಮ್ಮ ಅನುಭಾವಿಗಳ ನಡುವೆ ಇಂಥದೇ ಗೌರವ. ಆಸರೆಯನ್ನು ತಾನಾಗಿ ಬಿಟ್ಟವನಿಗೆ ಹುಟ್ಟಿದ ಮಾತು, ಆಸರೆಯನ್ನು ಬೇರೆಯವರು ಕಿತ್ತುಕೊಂಡವನ ಹೆಗಲಿಗೆ ಬಂದು ಬಿದ್ದದ್ದು ಈ ಪದದ ಬದುಕಿನ ದೊಡ್ಡ ತಿರುವು. ಬಿಡುವುದಕ್ಕೂ ಬಿಡಿಸುವುದಕ್ಕೂ ಇರುವ ಅಂತರ ದೊಡ್ಡದು, ಆದರೆ ವ್ಯಾಕರಣದಲ್ಲಿ ಅದು ಕಾಣಿಸುವುದಿಲ್ಲ. ‘ನಿರಾಶ್ರಿತ’ ಎಂಬಲ್ಲಿ ಆಶ್ರಯ ಇಲ್ಲ ಎಂಬುದಷ್ಟೇ ಇದೆ. ಯಾರು ತಪ್ಪಿಸಿದರು ಎಂಬುದಿಲ್ಲ.

ನೆರೆಭಾಷೆಗಳು ಇದೇ ಮನುಷ್ಯನನ್ನು ಬೇರೆ ಬೇರೆ ಕಡೆಯಿಂದ ನೋಡಿವೆ. ಹಿಂದಿಯಲ್ಲಿ ಅವನು ಶರಣಾರ್ಥಿ, ಶರಣು ಬೇಡುವವನು. ಮಲಯಾಳದಲ್ಲಿ ಅಭಯಾರ್ಥಿ, ಹೆದರಿಕೆ ಇಲ್ಲದ ಜಾಗ ಬೇಡುವವನು. ಮರಾಠಿಯಲ್ಲಿ ನಿರ್ವಾಸಿತ, ವಾಸ ಕಳೆದುಕೊಂಡವನು. ತಮಿಳಿನಲ್ಲಿ ಅಗತಿ, ಗತಿ ಇಲ್ಲದವನು. ತೆಲುಗಿನ ‘ಕಾಂದಿಶೀಕ’ ಎಲ್ಲಕ್ಕಿಂತ ಮನಮುಟ್ಟುತ್ತದೆ. ‘ಕಾಂ ದಿಶಂ’, ಅಂದರೆ ‘ಯಾವ ದಿಕ್ಕಿಗೆ?’ ಎಂದು ಕೇಳುತ್ತ ಓಡುವವನು. ಇಂಗ್ಲಿಷಿನ ರೆಫ್ಯೂಜಿ ಎಂಬ ಪದ ಬಂದದ್ದು ಫ್ರೆಂಚಿನಿಂದ. 1685ರಲ್ಲಿ ಫ್ರಾನ್ಸಿನ ಅರಸ ಪ್ರಾಟೆಸ್ಟಂಟರಿಗಿದ್ದ ರಕ್ಷಣೆಯನ್ನು ರದ್ದು ಮಾಡಿದಾಗ ಇಂಗ್ಲೆಂಡಿಗೆ ಓಡಿಬಂದವರ ಜೊತೆಯಲ್ಲೇ ಆ ಪದವೂ ಅಲ್ಲಿ ನೆಲೆಸಿತು. ಆಶ್ರಯ ಸಿಕ್ಕವರ ಪದ ಅದು. ನಮ್ಮದು ಸಿಗದವರ ಪದ.

ಕನ್ನಡ ಯಾಕೆ ಶರಣಾರ್ಥಿಯನ್ನು ಒಪ್ಪಿಕೊಳ್ಳಲಿಲ್ಲ? ನನ್ನ ಊಹೆ ಹೀಗಿದೆ. ಕನ್ನಡಕ್ಕೆ ಶರಣ ಎಂಬುದು ಪೂಜ್ಯವಾದ ಪದ. ಉತ್ತರ ಕರ್ನಾಟಕದಲ್ಲಿ ಇಬ್ಬರು ಎದುರಾದರೆ ‘ಶರಣು ಶರಣಾರ್ಥಿ’ ಎಂದು ವಂದಿಸುತ್ತಾರೆ. ಸಮಾನರು ಒಬ್ಬರಿಗೊಬ್ಬರು ತಲೆಬಾಗುವ ಮಾತಾದ್ದರಿಂದ ಅದನ್ನು ಬೇಡಿ ಬಂದವರ ಹೆಸರಾಗಿ ಬಳಸಲು ನಾಲಿಗೆ ಏಳಲಿಲ್ಲ. ಇನ್ನೊಂದು ಕಡೆ ‘ಪೊಲೀಸರಿಗೆ ಶರಣಾದ’ ಎಂಬ ಪತ್ರಿಕೆಯ ಬಳಕೆ ಶರಣನ್ನು ಸೋಲಿನ ಕಡೆಗೂ ಎಳೆದಿತ್ತು. ಗೌರವಕ್ಕೂ ಸೋಲಿಗೂ ಸಂದ ಪದವನ್ನು ಬಿಟ್ಟು, ಯಾವ ಭಾವವೂ ಅಂಟದ, ಕಚೇರಿಗೆ ಒಗ್ಗುವ ‘ನಿರಾಶ್ರಿತ’ ಮುಂದೆ ಬಂತು.

ಅದಕ್ಕೂ ಹಿಂದೆ ಕನ್ನಡದಲ್ಲಿ ಇದಕ್ಕೆ ಮಾತೇ ಇರಲಿಲ್ಲವೆಂದಲ್ಲ. ಹಳಗನ್ನಡದ ‘ಮಱೆವೊಗು’ ಎಂಬ ಕ್ರಿಯಾಪದ ಸೊಗಸಾದದ್ದು. ಮರೆ ಎಂದರೆ ಮುಚ್ಚು, ತಡೆ, ಆವರಣ. ಪೊಗು ಎಂದರೆ ಒಳಸೇರು. ಮರೆಹೊಕ್ಕವನನ್ನು ಕಾಯುವುದು ನಮ್ಮ ಕಾವ್ಯಗಳಲ್ಲೂ ಶಾಸನಗಳಲ್ಲೂ ಅರಸನ ಮೊದಲ ಗುಣಗಳಲ್ಲಿ ಒಂದು. ‘ಶರಣಾಗತ ವಜ್ರಪಂಜರ’ ಎಂಬ ಬಿರುದು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಬಂದವರಿಗೆ ವಜ್ರದ ಪಂಜರವಾಗಿ ನಿಲ್ಲುವವನು ಎಂಬ ಹೆಮ್ಮೆ ಅದು. ಈ ಹಳೆಯ ಮಾತುಗಳ ಕಣ್ಣು ಇರುವುದು ಕಾಯುವವನ ಮೇಲೆ. ಬಂದವನು ಯಾರು ಎನ್ನುವುದಕ್ಕಿಂತ ಕಾಯಬೇಕಾದವನು ಕಾದನೇ ಎಂಬುದನ್ನು ಅವು ಅಳೆಯುತ್ತವೆ. ‘ನಿರಾಶ್ರಿತ’ ಬಂದ ಮೇಲೆ ಕಾಯುವವನು ಮಾತಿನಿಂದಲೇ ಜಾರಿಹೋದ. ಈ ಬದಲಾವಣೆ ಬರಿಯ ಶಬ್ದಕೋಶದ್ದಲ್ಲ. ನಮ್ಮ ಮನೋಧರ್ಮ ಎಲ್ಲಿಂದ ಎಲ್ಲಿಗೆ ಬಂತು ಎಂಬುದಕ್ಕೂ ಅದೇ ಸಾಕ್ಷಿ.

ಆಶ್ರಯದ ತದ್ಭವ ‘ಆಸರೆ’. ಕೊಂಕಣಿಯಲ್ಲಿ ಅದೇ ‘ಆಸ್ರೊ’, ಮರಾಠಿಯಲ್ಲಿ ‘ಆಸರಾ’. ಕಾರವಾರದ ಬೀದಿಯಲ್ಲಿ ಮೂರೂ ಕೇಳುತ್ತವೆ. ಇದನ್ನೇ ಹೋಲುವ ಇನ್ನೊಂದು ಪದ ಉತ್ತರ ಕನ್ನಡದ ಹವ್ಯಕರ ಮನೆಗಳಲ್ಲಿದೆ. ಬಂದವರನ್ನು ಜಗಲಿಯಲ್ಲಿ ಕೂರಿಸಿ ಮೊದಲು ಕೇಳುವುದು ‘ಆಸರಿಗೆ ಬೇಕಾ?’ ಎಂದು. ಇದರ ಮೂಲ ಸಂಸ್ಕೃತವಲ್ಲ. ದಣಿವು, ಬಾಯಾರಿಕೆ ಎಂಬ ಅರ್ಥದ ‘ಆಸಱು’ ಎಂಬ ಅಚ್ಚ ದ್ರಾವಿಡ ಪದ ಅದು. ಎರಡಕ್ಕೂ ರಕ್ತಸಂಬಂಧವಿಲ್ಲ, ಆದರೆ ಬಳಕೆಯಲ್ಲಿ ಅವು ಒಂದರ ಪಕ್ಕ ಒಂದು ಬಂದು ಕೂತಿವೆ. ದೂರದಿಂದ ನಡೆದು ಬಂದವನ ಊರು, ಜಾತಿ, ಕೆಲಸ ಕೇಳುವ ಮೊದಲು ಅವನ ದಣಿವನ್ನು ಕೇಳುವ ರೂಢಿ ಈ ನೆಲದಲ್ಲಿತ್ತು ಎಂಬುದಕ್ಕೆ ಆ ಒಂದು ಪ್ರಶ್ನೆ ಸಾಕು.

ಈ ನೆಲದ ಚರಿತ್ರೆಯೂ ಅದನ್ನೇ ಹೇಳುತ್ತದೆ. 1560ರಲ್ಲಿ ಗೋವಾದಲ್ಲಿ ಪೋರ್ಚುಗೀಸರ ಇನ್‌ಕ್ವಿಸಿಷನ್ ನ್ಯಾಯಮಂಡಳಿ ಶುರುವಾಯಿತು. ಅದೇ ದಶಕದಲ್ಲಿ ಸಾಷ್ಟಿ, ಬಾರ್ದೇಶಗಳ ದೇವಸ್ಥಾನಗಳನ್ನು ಕೆಡವಿದರು. ಕುಶಸ್ಥಳಿಯ ಮಂಗೇಶ, ಕೆಳೋಶಿಯ ಶಾಂತಾದುರ್ಗೆ, ವೆರ್ಣೆಯ ಮಹಾಲಸೆ ಹೊಳೆ ದಾಟಿ ಅಂತ್ರುಜ ಮಹಾಲಿಗೆ, ಅಂದರೆ ಇಂದಿನ ಫೋಂಡಾ ಕಡೆಗೆ ಹೋದರು. ಆ ಪ್ರದೇಶ ಆಗ ವಿಜಾಪುರದ ಆದಿಲಶಾಹಿಯ ಕೈಯಲ್ಲಿತ್ತು. ಹಿಂದೂ ದೇವರುಗಳಿಗೆ ಮರೆ ಸಿಕ್ಕಿದ್ದು ಒಬ್ಬ ಮುಸ್ಲಿಂ ಸುಲ್ತಾನನ ನೆಲದಲ್ಲಿ ಎಂಬುದನ್ನು ಇಂದು ನೆನಪಿಡಬೇಕು. ದೇವರ ಜೊತೆ ಹೋದವರು ಕೆಲವರು, ದಕ್ಷಿಣಕ್ಕೆ ಕಾಳಿ ನದಿ ದಾಟಿದವರು ಹಲವರು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರೆಗೆ ಕೊಂಕಣಿ ಮಾತು ಹರಡಿದ ಕಾರಣಗಳಲ್ಲಿ ಈ ಓಟವೂ ಒಂದು. ಇಂದಿಗೂ ಇಲ್ಲಿಯ ಎಷ್ಟೋ ಮನೆತನಗಳ ಕುಲದೇವರು ಗೋವಾದಲ್ಲಿದ್ದಾರೆ. ಮದುವೆಯಾದವರು ಅಲ್ಲಿಗೆ ಹೋಗಿ ಬರುತ್ತಾರೆ. ಅಂಕೋಲೆಯ ಆರ್ಯಾದುರ್ಗೆಯನ್ನೂ ಕಾರವಾರದ ಎದುರಿನ ಅಂಜುದೀವ ದ್ವೀಪದಿಂದ ತಂದು ನೆಲೆಗೊಳಿಸಿದರೆಂಬುದು ಪರಂಪರೆಯ ಮಾತು. ದೇವತೆಯೇ ಮನೆ ಬಿಟ್ಟು ಬಂದವಳು ಎಂದು ನಂಬುವ ಊರು ಇದು.

ಇನ್ನೂರು ವರ್ಷ ಕಳೆದ ಮೇಲೆ ಓಟದ ದಿಕ್ಕು ತಿರುಗಿತು. 1763ರಲ್ಲಿ ಹೈದರಾಲಿಯ ಸೈನ್ಯ ಬಿದನೂರನ್ನು ಗೆದ್ದು ಸೋದೆಯ ಮೇಲೆ ಬಂತು. ಕಾರವಾರದ ಕರಾವಳಿಯನ್ನು ಆಳುತ್ತಿದ್ದ ಸೋದೆಯ ಅರಸ ಇಮ್ಮಡಿ ಸದಾಶಿವ ಪರಿವಾರದೊಂದಿಗೆ ಗೋವಾಕ್ಕೆ ಹೋಗಿ ಪೋರ್ಚುಗೀಸರ ಮರೆಹೊಕ್ಕ. ಬಾಂದೋಡೆಯಲ್ಲಿ ಆ ಮನೆತನ ನೆಲೆಸಿತು. ಅದೇ ವರ್ಷ ಫೋಂಡಾ ಪೋರ್ಚುಗೀಸರ ವಶವಾಯಿತು. ಮುಂದೆ ಕಾಣಕೋಣವೂ ಗೋವಾದ ಭಾಗವಾಯಿತು. ಕಾರವಾರದ ಗಡಿ ಇಂದು ಪೋಳೆಯ ಬಳಿ ನಿಂತಿರುವುದರ ಹಿಂದೆ ಒಬ್ಬ ನಿರಾಶ್ರಿತ ರಾಜನ ಒಪ್ಪಂದವಿದೆ. ಆಶ್ರಯ ಯಾವಾಗಲೂ ಬರಿ ಕರುಣೆಯಿಂದ ಬರುವುದಿಲ್ಲ, ಅದಕ್ಕೆ ಬೆಲೆಯನ್ನೂ ಕೇಳುತ್ತಾರೆ ಎಂಬ ಪಾಠ ಇದರಲ್ಲಿದೆ. ಟಿಪ್ಪುವಿನ ಕಾಲದ ಯುದ್ಧಗಳಲ್ಲಿ ಕರಾವಳಿಯ ಕ್ರೈಸ್ತರೂ ಹಿಂದೂಗಳೂ ಅಂಜುದೀವದ ಪೋರ್ಚುಗೀಸ್ ಕೋಟೆಗೆ ಹೋಗಿ ಜೀವ ಉಳಿಸಿಕೊಂಡರು. ಒಂದು ಶತಮಾನದಲ್ಲಿ ಯಾರಿಂದ ಓಡಿದರೋ ಇನ್ನೊಂದು ಶತಮಾನದಲ್ಲಿ ಅವರ ಬಳಿಗೇ ಓಡಬೇಕಾಯಿತು.

ಇದೇ ಕಾಲಗಳಲ್ಲಿ ಇನ್ನೊಂದು ಸಮುದಾಯ ಸದ್ದಿಲ್ಲದೆ ಬಂತು. ಗೋವಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಆಫ್ರಿಕಾ ಮೂಲದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಘಟ್ಟದ ಕಾಡು ಸೇರಿದರು. ಅವರಿಗೆ ಯಾವ ಅರಸನೂ ಅಭಯ ಕೊಟ್ಟಿರಲಿಲ್ಲ. ಮರೆ ಕೊಟ್ಟದ್ದು ಕಾಡು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಓಡಿಬಂದವರಿಗೂ ಅವರನ್ನು ನಮ್ಮವರೆಂದು ಬರೆದುಕೊಂಡ ಕಾಗದಕ್ಕೂ ನಡುವೆ ಎಷ್ಟು ತಲೆಮಾರು ಹೋಯಿತೆಂದು ಯೋಚಿಸಿದರೆ ನಾಚಿಕೆಯಾಗುತ್ತದೆ.

ಈ ಯಾರನ್ನೂ ಆ ಕಾಲ ‘ನಿರಾಶ್ರಿತರು’ ಎಂಬ ಕಚೇರಿ ಹೆಸರಿನಿಂದ ಕರೆಯಲಿಲ್ಲ. ಅದು ಮನೆಮಾತಾದದ್ದು 20ನೆಯ ಶತಮಾನದಲ್ಲಿ, ದೇಶ ವಿಭಜನೆಯ ಹೊತ್ತಿಗೆ. ಕಾರವಾರ ಆಗ ಮುಂಬಯಿ ಪ್ರಾಂತದಲ್ಲಿತ್ತು. ಮರಾಠಿಯ ನಿರ್ವಾಸಿತ, ಹಿಂದಿಯ ಶರಣಾರ್ಥಿ, ಕನ್ನಡದ ನಿರಾಶ್ರಿತ ಮೂರೂ ಒಟ್ಟಿಗೆ ಈ ಊರಿನ ಕಿವಿಗೆ ಬಿದ್ದವು. 1959ರಲ್ಲಿ ಲಾಸಾದ ದಂಗೆಯನ್ನು ಚೀನಾ ಹತ್ತಿಕ್ಕಿದಾಗ ದಲಾಯಿ ಲಾಮಾ ಭಾರತಕ್ಕೆ ಬಂದರು. ಆಗಿನ ಮೈಸೂರು ರಾಜ್ಯ ಟಿಬೆಟಿಯನ್ನರಿಗೆ ಭೂಮಿ ಕೊಟ್ಟಿತು. ಮೊದಲು ಬೈಲುಕುಪ್ಪೆ, 1966ರಲ್ಲಿ ಮುಂಡಗೋಡ. ಗಾಂದೆನ್, ಡ್ರೆಪುಂಗ್ ಎಂಬ ಮಹಾವಿಹಾರಗಳು ಉತ್ತರ ಕನ್ನಡದ ಕೆಂಪು ಮಣ್ಣಿನಲ್ಲಿ ಮತ್ತೆ ಎದ್ದವು. ಆ ಜಿಲ್ಲೆಯ ಕೇಂದ್ರ ಕಾರವಾರ. ಕೈ ಚಾಚಿ ಜಾಗ ಕೊಟ್ಟ ಈ ಕೆಲಸ ಕನ್ನಡನಾಡಿನ ಹೆಮ್ಮೆಗಳಲ್ಲಿ ಒಂದು. ಆದರೂ ಅಲ್ಲಿಯ ಊರುಗಳಿಗೆ ಜನ ಈಗಲೂ ‘ಕ್ಯಾಂಪ್’ ಎಂದೇ ಅನ್ನುತ್ತಾರೆ. ಒಂದನೇ ಕ್ಯಾಂಪು, ಲಾಮಾ ಕ್ಯಾಂಪು. ಸಿಂಧನೂರಿನ ಪೂರ್ವ ಬಂಗಾಲದವರ ಹಳ್ಳಿಗಳೂ ಆರ್.ಎಚ್. ಕ್ಯಾಂಪುಗಳೇ. ಕ್ಯಾಂಪು ಎಂದರೆ ಒಂದು ದಿನ ಕೀಳಬೇಕಾದ ಡೇರೆ. ಅರ್ಧ ಶತಮಾನದಿಂದ ಬಿತ್ತಿ ಬೆಳೆದವರ ಊರಿಗೆ ಆ ಹೆಸರು ಉಳಿದಿದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಈ ದೇಶದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರೆಂದು ಪೌರತ್ವ ಕಾಯಿದೆ ಹೇಳುತ್ತದೆ. ಮುಂಡಗೋಡದಲ್ಲಿ ಆ ಅವಧಿಯಲ್ಲಿ ಹುಟ್ಟಿದವರೂ ಮಾತಿನಲ್ಲಿ ನಿರಾಶ್ರಿತರೇ.

1971ರಲ್ಲಿ ಪೂರ್ವ ಬಂಗಾಲದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿದರು. ಆ ವರ್ಷದ ನವೆಂಬರ್ 15ರಿಂದ ದೇಶದ ಪತ್ರಗಳ ಮೇಲೆ ಐದು ಪೈಸೆಯ ಹೆಚ್ಚುವರಿ ಅಂಚೆಚೀಟಿ ಅಂಟಿಸಬೇಕಾಯಿತು. ಅದರ ಮೇಲಿದ್ದದ್ದು ‘ಶರಣಾರ್ಥಿ ಸಹಾಯತಾ’ ಎಂಬ ಹಿಂದಿ ಮಾತು. 1973ರ ಮಾರ್ಚಿನವರೆಗೂ ಅದು ನಡೆಯಿತು. ಅಂಕೋಲೆಯಿಂದ ಮುಂಬಯಿಗೆ ಕಾಗದ ಬರೆದವರೂ, ತಾವೆಂದೂ ನೋಡದ ಬಂಗಾಲಿಯ ಅನ್ನಕ್ಕೆ ಐದು ಪೈಸೆ ಹಾಕಿದರು. ಬಡದೇಶವೊಂದು ತನ್ನ ಪ್ರತಿಯೊಂದು ಮನೆಯನ್ನೂ ಆತಿಥ್ಯದಲ್ಲಿ ಸೇರಿಸಿಕೊಂಡದ್ದು ದೊಡ್ಡ ಮಾತು. ಹಳೆಯ ಶಾಸನದಲ್ಲಿ ಅರಸನೊಬ್ಬನ ಬಿರುದಾಗಿದ್ದದ್ದು ಆಗ ಎಲ್ಲರ ಪಾಲಿಗೂ ಐದೈದು ಪೈಸೆಯಷ್ಟು ಬಂದಿತ್ತು.

ಅದೇ 1971ರ ಯುದ್ಧದ ಅನುಭವ ಕಾರವಾರದ ಪಾಲಿಗೆ ಇನ್ನೊಂದನ್ನು ತಂದಿತು. ಮುಂಬಯಿ ಬಂದರು ಇಕ್ಕಟ್ಟಾಯಿತು, ನೌಕಾಪಡೆಗೆ ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ದೊಡ್ಡ ನೆಲೆ ಬೇಕು ಎಂಬ ಆಲೋಚನೆ ಬಲವಾಯಿತು. ಬೆಟ್ಟಗಳೂ ದ್ವೀಪಗಳೂ ಕಾವಲಿಗಿರುವ ಕಾರವಾರದ ಆಳವಾದ ಕಡಲು ಅದಕ್ಕೆ ಹೇಳಿ ಮಾಡಿಸಿದಂತಿತ್ತು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಬನವಾಸಿಯ ಅರಸುಮನೆತನದ ಹೆಸರು ಹೊತ್ತ ಆ ನೆಲೆಗಾಗಿ ಅರ್ಗಾ, ಚೆಂಡಿಯಾ ಮೊದಲಾದ ಕಡಲತಡಿಯ ಊರುಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಏಳಬೇಕಾಯಿತು. ಮೀನುಗಾರರು, ಕೋಮಾರಪಂಥರು, ಹಾಲಕ್ಕಿ ಒಕ್ಕಲಿಗರು, ಗದ್ದೆ ಮಾಡಿಕೊಂಡಿದ್ದವರು. ತೋಡೂರು, ಮುದಗಾ, ಹಾರವಾಡ ಕಡೆಗಳಲ್ಲಿ ಪುನರ್ವಸತಿ ಕಾಲೊನಿಗಳಾದವು. ಪರಿಹಾರದ ವ್ಯಾಜ್ಯ ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆಯಿತು. ಹಿಂದೆ ಜನ ಓಡಿಹೋಗಿ ಜೀವ ಉಳಿಸಿಕೊಂಡ ಅಂಜುದೀವವೂ ಅಲೆತಡೆ ಗೋಡೆಯ ಮೂಲಕ ದಡಕ್ಕೆ ಸೇರಿ ನೌಕಾನೆಲೆಯ ಭಾಗವಾಯಿತು.

ಇಲ್ಲಿಯೇ ಪದದ ಎರಡು ಅರ್ಥಗಳು ಸೇರುವುದು. ಯುದ್ಧ ಬಂದಾಗ ಜನ ಮನೆ ಬಿಡುತ್ತಾರೆ. ಯುದ್ಧಕ್ಕೆ ಸಿದ್ಧವಾಗುವಾಗಲೂ ಜನ ಮನೆ ಬಿಡುತ್ತಾರೆ. ನೌಕಾ ನೆಲೆ ದೇಶಕ್ಕೆ ಬೇಕಾಗಿತ್ತು ಎಂಬುದನ್ನು ಕಾರವಾರದವರು ಅಲ್ಲಗಳೆಯಲಿಲ್ಲ. ಭೂಮಿ ಕೊಟ್ಟವರಲ್ಲಿ ಹಲವರು ಅದನ್ನು ದೇಶಕ್ಕಾಗಿ ಮಾಡಿದ ತ್ಯಾಗವೆಂದೇ ಹೇಳುತ್ತ ಬಂದಿದ್ದಾರೆ. ಹಾಗಿದ್ದರೂ ಕಡಲ ದಡದ ಮನೆ, ದೋಣಿ ಎಳೆದಿಡುವ ಜಾಗ, ತೆಂಗಿನ ತೋಟ, ಊರದೇವರ ಕಟ್ಟೆ ಬಿಟ್ಟು ಲಾರಿಗೆ ಸಾಮಾನು ಹೇರಿದ ದಿನ ಅವರಿಗೆ ಆದದ್ದು ಯುದ್ಧದ ಊರಿನಿಂದ ಹೊರಟವನಿಗೆ ಆಗುವುದೇ. ಒಂದು ವ್ಯತ್ಯಾಸ ಮಾತ್ರ ಬಹಳ ದೊಡ್ಡದು. ಇವರ ಬೆನ್ನಿಗೆ ಬೆಂಕಿ ಇರಲಿಲ್ಲ. ಕೈಯಲ್ಲಿ ಮತದಾನದ ಹಕ್ಕಿತ್ತು, ಕೋರ್ಟಿತ್ತು, ಭಾಷೆ ಗೊತ್ತಿತ್ತು. ಇಷ್ಟೆಲ್ಲ ಇದ್ದವರಿಗೇ ನೆಲೆ ಸಿಗಲು ಇಷ್ಟು ವರ್ಷ ಹಿಡಿಯಿತೆಂದರೆ, ಇದಾವುದೂ ಇಲ್ಲದೆ ಗಡಿ ದಾಟಿದವನ ಪಾಡು ಏನು ಎಂಬುದನ್ನು ಕಾರವಾರದವರಷ್ಟು ಸುಲಭವಾಗಿ ಊಹಿಸಬಲ್ಲವರು ಕಡಿಮೆ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ನೇರವಾದ ಮಾತಿತ್ತು: ಒಕ್ಕಲೆಬ್ಬಿಸು. ಒಕ್ಕಲನ್ನು ಎಬ್ಬಿಸಿದವನೊಬ್ಬ ಇದ್ದಾನೆ ಎಂದು ಅದು ಹೇಳುತ್ತದೆ. ಸರ್ಕಾರಿ ಕಾಗದಕ್ಕೆ ಆ ಮಾತು ಹಿಡಿಸಲಿಲ್ಲ, ‘ನಿರಾಶ್ರಿತ’ ಹಿಡಿಸಿತು. ನೇಮಕಾತಿಯ ಅಧಿಸೂಚನೆಗಳಲ್ಲಿ ‘ಯೋಜನಾ ನಿರಾಶ್ರಿತ ಅಭ್ಯರ್ಥಿ’ ಎಂಬ ಮೀಸಲಾತಿಯ ಕಾಲಂ ಇದೆ. ಅದಕ್ಕೆ ಪ್ರಮಾಣಪತ್ರ ಬೇಕು. ಹೀಗಾಗಿ ಅಜ್ಜ ಕಳೆದುಕೊಂಡ ಗದ್ದೆಯ ಲೆಕ್ಕದಲ್ಲಿ ಮೊಮ್ಮಗ ನಿರಾಶ್ರಿತ. ಪದವನ್ನು ಬಿಟ್ಟರೆ ಹಕ್ಕು ಹೋಗುತ್ತದೆ, ಹಿಡಿದರೆ ಅದೇ ಗುರುತಾಗಿ ಕೂರುತ್ತದೆ. ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೆ ಭೂಸ್ವಾಧೀನ ಶುರುವಾದಾಗ, ಸೀಬರ್ಡಿಗೆ ಒಮ್ಮೆ ಜಾಗ ಬಿಟ್ಟವರು ‘ಎರಡನೇ ಸಲ ನಿರಾಶ್ರಿತರಾಗಬೇಕೆ?’ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಪದ ಮತ್ತೆ ತನ್ನ ಪೂರ್ತಿ ನೋವಿನೊಂದಿಗೆ ಮೇಲೆದ್ದಿತ್ತು.

ಈ ಪದ ಇನ್ನೊಂದು ಮೆಟ್ಟಿಲು ಕೆಳಗಿಳಿದದ್ದೂ ಉಂಟು. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯ ಪ್ರಕಾರ ಹಿಡಿದ ಭಿಕ್ಷುಕರನ್ನು ಇಡುವ, ಬೆಂಗಳೂರಿನ ಮಾಗಡಿ ರಸ್ತೆಯ ಸಂಸ್ಥೆಯ ಹೆಸರು ‘ನಿರಾಶ್ರಿತರ ಪರಿಹಾರ ಕೇಂದ್ರ’. ಭಿಕ್ಷುಕ ಎನ್ನಬಾರದೆಂಬ ಒಳ್ಳೆಯ ಉದ್ದೇಶ ಅದರಲ್ಲಿತ್ತು. ಆದರೆ ಪದದ ಮೇಲೆ ಅದರ ಪರಿಣಾಮ ಬೇರೆಯೇ ಆಯಿತು. ನಿರಾಶ್ರಿತ ಎಂದರೆ ಕೈಚಾಚುವವನು ಎಂಬ ಭಾವನೆ ಊರಿತು. ಯುದ್ಧದಿಂದ ಓಡಿಬಂದವರಲ್ಲಿ ಮೇಷ್ಟರಿದ್ದಾರೆ, ದಾದಿಯರಿದ್ದಾರೆ, ರೈತರಿದ್ದಾರೆ, ಬಡಗಿಗಳಿದ್ದಾರೆ. ಹೆಸರಿಡುವಾಗಲೇ ನಾವು ಅವರ ಕಸುಬನ್ನು ಕಿತ್ತುಕೊಂಡು ಕೈಗೆ ತಟ್ಟೆ ಕೊಡುತ್ತೇವೆ.

ಬಂದವರ ಬಗೆಗಿನ ಭಯವೂ ಹೊಸದಲ್ಲ. ಅದಕ್ಕೂ ಈ ಪದದ ಬಳಗದಲ್ಲಿ ಸಾಕ್ಷಿಯಿದೆ. ಅಮರಕೋಶದಲ್ಲಿ ಬೆಂಕಿಗೆ ‘ಆಶ್ರಯಾಶ’ ಎಂಬ ಹೆಸರಿದೆ. ತನಗೆ ಆಶ್ರಯ ಕೊಟ್ಟದ್ದನ್ನೇ ತಿನ್ನುವುದು ಎಂದರ್ಥ. ಪಂಚತಂತ್ರದಲ್ಲಿ ಗೂಬೆಗಳ ಮರೆಹೊಕ್ಕ ಕಾಗೆ ಕೊನೆಗೆ ಗೂಬೆಗಳ ಗುಹೆಯನ್ನೇ ಸುಡುತ್ತದೆ. ಜಾಗ ಕೊಟ್ಟವರನ್ನೇ ಬಂದವರು ನುಂಗಿಬಿಟ್ಟರೆ ಎಂಬ ಸಂಶಯವನ್ನು ನಮ್ಮ ಹಿರಿಯರು ಮುಚ್ಚಿಡಲಿಲ್ಲ. ಭೂಮಿಯಿಲ್ಲದ ಕೂಲಿಯವನು, ಅರಣ್ಯಭೂಮಿಯ ಪಟ್ಟೆಗಾಗಿ ಕಾದು ಕೂತ ರೈತ ‘ನಮಗಿಲ್ಲದ್ದು ಅವರಿಗೆ ಹೇಗೆ?’ ಎಂದು ಕೇಳಿದರೆ ಅದು ದ್ವೇಷವಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಸರ್ಕಾರ ನಡೆಸುವವರು, ಓಡಿಬಂದವರಲ್ಲ.

ಆದರೆ ನಮ್ಮ ಕತೆಗಳು ಭಯದಲ್ಲಿ ನಿಲ್ಲುವುದಿಲ್ಲ. ಲಂಕೆಯಿಂದ ವಿಭೀಷಣ ಬಂದಾಗ ಸುಗ್ರೀವ ಇವನು ಗೂಢಚಾರ ಎಂದ. ಶತ್ರುವಿನ ನೆಲದಿಂದ ಬಂದವನ ಮೇಲೆ ಇಂದು ಎಲ್ಲ ದೇಶಗಳೂ ಪಡುವ ಅನುಮಾನವೇ ಅದು. ರಾಮ ಎಲ್ಲರ ಮಾತನ್ನೂ ಕೇಳಿ, ಆಮೇಲೆ ಅಭಯ ಕೊಟ್ಟ. ಉತ್ತರ ಕನ್ನಡದ ಯಕ್ಷಗಾನ, ತಾಳಮದ್ದಳೆಗಳಲ್ಲಿ ‘ಕೃಷ್ಣಾರ್ಜುನ ಕಾಳಗ’ ಜನರಿಗೆ ಬಹಳ ಇಷ್ಟದ ಪ್ರಸಂಗ. ಕೃಷ್ಣನ ಕೋಪಕ್ಕೆ ಗುರಿಯಾದ ಗಯ ಗಂಧರ್ವ ಜೀವಭಯದಿಂದ ಬಂದು ಬೇಡಿದಾಗ ಅರ್ಜುನ ಮೊದಲು ಮಾತು ಕೊಡುತ್ತಾನೆ, ಆಮೇಲೆ ಶತ್ರು ಯಾರೆಂದು ತಿಳಿಯುತ್ತಾನೆ. ಎದುರಿಗೆ ನಿಂತವನು ಸಾಕ್ಷಾತ್ ಕೃಷ್ಣನಾದರೂ ಮಾತಿಗೆ ತಪ್ಪುವುದಿಲ್ಲ. ಮರೆಹೊಕ್ಕವನನ್ನು ಬಿಟ್ಟುಕೊಡುವುದೋ ಗೆಳೆತನವನ್ನು ಬಿಡುವುದೋ ಎಂಬ ಈ ತೊಡಕನ್ನು ಅರ್ಥಧಾರಿಗಳು ರಾತ್ರಿಯಿಡೀ ಬಿಡಿಸುತ್ತ ಹೋಗುತ್ತಾರೆ, ಊರಿನ ಜನ ಕೂತು ಕೇಳುತ್ತಾರೆ. ಆಶ್ರಯದ ಕುರಿತ ಸಾರ್ವಜನಿಕ ಚರ್ಚೆ ನಮಗೆ ಹೊಸದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಂದು ನಾವು ಆ ಚರ್ಚೆಯನ್ನು ಪದಗಳ ಆಯ್ಕೆಯಲ್ಲೇ ಮುಗಿಸಿಬಿಡುತ್ತೇವೆ. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಬಿದ್ದಾಗ ಅಲ್ಲಿದ್ದ ನಮ್ಮ ವಿದ್ಯಾರ್ಥಿಗಳು ‘ಸಿಲುಕಿದ ಕನ್ನಡಿಗರು’. ಅವರ ಜೊತೆ ಅದೇ ರೈಲಿನಲ್ಲಿ ಗಡಿ ದಾಟಿದ ಅಲ್ಲಿಯವರು ‘ನಿರಾಶ್ರಿತರು’. ಬರ್ಮಾದಿಂದ ಬಂದ ರೋಹಿಂಗ್ಯಾ ತಾಯಿ ‘ಅಕ್ರಮ ವಲಸಿಗಳು’ ಅಥವಾ ‘ನುಸುಳುಕೋರಳು’. ಮೂವರ ಬೆನ್ನಿಗಿದ್ದದ್ದೂ ಬೆಂಕಿಯೇ. 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹೀಗಾಗಿ ಯಾರು ಯಾವ ಹೆಸರಿಗೆ ಸಲ್ಲುತ್ತಾರೆ ಎಂಬುದು ಆಯಾ ಕಾಲದ ಸರ್ಕಾರದ, ಆಯಾ ಕಾಲದ ಜನರ ಮನಸ್ಸಿಗೆ ಬಿಟ್ಟದ್ದು. ಕಾನೂನು ಮಾತನಾಡದ ಕಡೆ ಪದವೇ ಕಾನೂನಿನ ಕೆಲಸ ಮಾಡುತ್ತದೆ. ಆದ್ದರಿಂದ ಅದನ್ನು ಬಳಸುವವರ ಹೊಣೆ ಹೆಚ್ಚುತ್ತದೆ.

ಪದಗಳನ್ನು ಬದಲಿಸಬಹುದು ಎಂಬುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆಯಿದೆ. ನೆರೆ ಬಂದಾಗ ಜನರನ್ನು ಇಡುವ ಶಾಲೆಗಳಿಗೆ ಮೊದಲು ‘ಗಂಜಿ ಕೇಂದ್ರ’ ಎನ್ನುತ್ತಿದ್ದೆವು, ಈಗ ‘ಕಾಳಜಿ ಕೇಂದ್ರ’ ಎನ್ನುತ್ತೇವೆ. ಗಂಜಿ ಉಣ್ಣುವವನ ಹಸಿವನ್ನು ಹೇಳಿದರೆ ಕಾಳಜಿ ಬಡಿಸುವವನ ಕರ್ತವ್ಯವನ್ನು ಹೇಳುತ್ತದೆ. ಕಾಳಿ, ಗಂಗಾವಳಿ ಉಕ್ಕಿದ ಮಳೆಗಾಲಗಳಲ್ಲಿ ಕಾರವಾರ, ಅಂಕೋಲಾದವರು ಈ ಪದದ ನೆರಳಲ್ಲಿ ರಾತ್ರಿ ಕಳೆದಿದ್ದಾರೆ. ಮರೆಹೊಕ್ಕವರನ್ನು ಕಾಯುವ ಹಳೆಯ ಬಿರುದಿನ ದಿಕ್ಕಿಗೆ ಭಾಷೆ ಮತ್ತೆ ಒಂದು ಹೆಜ್ಜೆ ಇಟ್ಟಂತಾಯಿತು.

ಹಾಗೆಂದು ‘ನಿರಾಶ್ರಿತ’ವನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಪ್ರಮಾಣಪತ್ರದಲ್ಲಿ ಅದು ಹಕ್ಕಿನ ಕೀಲಿ, ಹೋರಾಟದ ಬ್ಯಾನರಿನಲ್ಲಿ ಅದು ನ್ಯಾಯದ ಮಾತು. ಆದರೆ ಅದು ಒಬ್ಬ ಮನುಷ್ಯನ ಬದುಕಿನಲ್ಲಿ ಅವಧಿಯುಳ್ಳ ಪದವಾಗಿರಬೇಕು. ಗೋವಾದಿಂದ ಕಾಳಿ ದಾಟಿ ಬಂದವರನ್ನು ಇಂದು ಕಾರವಾರದಲ್ಲಿ ಯಾರೂ ನಿರಾಶ್ರಿತರೆನ್ನುವುದಿಲ್ಲ. ಅವರಿಗೆ ಗದ್ದೆ ಸಿಕ್ಕಿತು, ಅಂಗಡಿ ಇಡಲು ಪೇಟೆ ಸಿಕ್ಕಿತು, ತಮ್ಮ ಮಾತನ್ನು ಆಡಿಕೊಂಡೇ ಊರಿನವರಾಗಲು ಎಡೆ ಸಿಕ್ಕಿತು. ಆ ಮೂರೂ ಸೇರಿದಾಗ ಪದ ತಾನಾಗಿ ಕಳಚಿತು. ಸೀಬರ್ಡಿನವರೂ ಕೇಳುತ್ತ ಬಂದಿರುವುದು ಅದನ್ನೇ: ನೆಲಕ್ಕೆ ಹಕ್ಕುಪತ್ರ, ಮಕ್ಕಳಿಗೆ ಕೆಲಸ, ದೋಣಿ ಇಳಿಸಲು ದಡ. ಯುದ್ಧದಿಂದ ಓಡಿಬಂದವನೂ ಕೇಳುವುದು ಇಷ್ಟೇ, ಅವನಿಗೆ ಕೇಳುವ ಬಾಯಿ ಮಾತ್ರ ಇರುವುದಿಲ್ಲ. ಒಂದು ನಾಡು ಎಷ್ಟು ಜನರನ್ನು ಒಳಗೆ ಕರೆದುಕೊಂಡಿತು ಎಂಬ ಲೆಕ್ಕ ಮುಖ್ಯವೇ. ಒಳಗೆ ಬಂದವರ ಹೆಸರಿನಿಂದ ಈ ಪದವನ್ನು ಅದು ಎಷ್ಟು ಬೇಗ ಅಳಿಸಿತು ಎಂಬುದು ಅದಕ್ಕಿಂತ ಮುಖ್ಯ. ಎರಡು ದಡಗಳಲ್ಲೂ ನಿಂತು ಬಂದ ಕಾರವಾರ, ಅಂಕೋಲಾದವರು ಈ ಅಳತೆಗೋಲನ್ನು ನಾಡಿನ ಮುಂದೆ ಇಟ್ಟರೆ ಅದಕ್ಕೆ ಬೆಲೆ ಇರುತ್ತದೆ. ಯಾಕೆಂದರೆ ಆಶ್ರಯ ಕೊಟ್ಟ ನೆನಪೂ ಕಳೆದುಕೊಂಡ ನೆನಪೂ ಅವರ ಒಂದೇ ಮನೆಯಲ್ಲಿವೆ.